ತೊಳೆದರೆ ಹೋಗುತ್ತಾ? ಮಕ್ಕಳಿಗೆ ಸ್ಕೆಚ್ ಪೆನ್ ಆರಿಸುವ ಮೊದಲು

ಪ್ಯಾಕೆಟ್ ಮೇಲೆ 'ವಾಟರ್ ಬೇಸ್ಡ್' ಅಂತ ದೊಡ್ಡದಾಗಿ ಬರೆದಿತ್ತು. ನೀರಿನ ಶಾಯಿ ತಾನೆ, ಒಗೆದರೆ ಹೋಗುತ್ತೆ ಅಂದುಕೊಂಡು ಮಗಳ ಕೈಗೆ ಕೊಟ್ಟೆ. ಅವಳಿಗೆ ಆಗ ನಾಲ್ಕು ವರ್ಷ. ಗೌರಿ ಹಬ್ಬದ ಹಿಂದಿನ ದಿನ. ತಾತ ಜಗುಲಿಯ ಮೇಲೆ ಮಲಗಿದ್ದರು. ಪಕ್ಕದಲ್ಲಿ ಕೂತು ಇವಳು ಬಣ್ಣ ಹಾಕುತ್ತಿದ್ದಳು. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ತಾತನ ಬಿಳಿ ಪಂಚೆಯ ತುದಿಯಲ್ಲಿ ಮೂರು ನೇರಳೆ ಹೂವು. "ಹೋಗ್ಲಿ ಬಿಡಮ್ಮ, ಮಗು ಬರೆದಿದ್ದು" ಅಂದರು ಅವರು. ನಾನು ಮೂರು ಸಲ ಒಗೆದೆ. ಬಿಸಿನೀರಿನಲ್ಲಿ ನೆನೆಸಿ ಇನ್ನೊಂದು ಸಲ ಒಗೆದೆ. ನೇರಳೆ ಹೋಗಿ ತಿಳಿ ಗುಲಾಬಿ ಉಳಿಯಿತು. ಆ ಗುಲಾಬಿ ಮಾತ್ರ ಹೋಗಲೇ ಇಲ್ಲ.

ನೀರಿನಲ್ಲಿ ಕರಗುವ ಶಾಯಿ ಬೇರೆ, ಬಟ್ಟೆ ಬಿಟ್ಟು ಹೋಗುವ ಶಾಯಿ ಬೇರೆ ಅಂತ ಅವತ್ತು ಗೊತ್ತಾಯಿತು. ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ ಇರುತ್ತವೆ. ನೋಡೋಕೆ ಒಂದೇ ಥರ. ಹೆಸರೂ ಒಂದೇ, ಸ್ಕೆಚ್ ಪೆನ್.

ಆಮೇಲೆ ನಮ್ಮ ಮನೆಯಲ್ಲಿ ಭಾನುವಾರಗಳಂದು ಬೀದಿಯ ಮಕ್ಕಳು ಸೇರಿ ಚಿತ್ರ ಬರೆಯುವುದು ಶುರುವಾಯಿತು. ಎರಡೂವರೆ ವರ್ಷದ ಕೂಸಿನಿಂದ ಹಿಡಿದು ಆರನೇ ಕ್ಲಾಸಿನ ಹುಡುಗನವರೆಗೆ ಏಳೆಂಟು ಜನ. ಥರಾವರಿ ಪೆನ್ನುಗಳು ಅವರ ಕೈಯಲ್ಲಿ ಓಡಾಡಿವೆ. ನಾನು ಒಗೆದಿದ್ದೇನೆ, ಒರೆಸಿದ್ದೇನೆ, ಬೇಕಂತಲೇ ಚಿಂದಿ ಬಟ್ಟೆಗೆ ಗೀಚಿ ನೋಡಿದ್ದೇನೆ. ಹಾಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಶಾಯಿಯ ಮಾತು

ಹಳೆಯ ಸ್ಕೆಚ್ ಪೆನ್ನಿನ ಹಿಂಬದಿಯ ಬಿರಡೆ ತೆಗೆದರೆ ಒಳಗೆ ಉದ್ದನೆಯ ಬತ್ತಿ ಕಾಣುತ್ತೆ. ಚಿಕ್ಕವರಿದ್ದಾಗ ಆ ಬತ್ತಿಗೆ ಎರಡು ಹನಿ ನೀರು ಬಿಟ್ಟು, ಒಣಗಿದ ಪೆನ್ನನ್ನು ಮತ್ತೆ ಬರೆಯುವ ಹಾಗೆ ಮಾಡಿದ ನೆನಪು ನಮ್ಮಲ್ಲಿ ತುಂಬಾ ಜನಕ್ಕೆ ಇದೆ. ಬತ್ತಿ ಹೀರಿಕೊಂಡಿರುವ ಶಾಯಿಯಲ್ಲಿ ಹೆಚ್ಚಿನ ಪಾಲು ನೀರೇ. ಬೇಗ ಒಣಗದಿರಲಿ ಅಂತ ಗ್ಲಿಸರಿನ್ ಥರದ್ದು ಸ್ವಲ್ಪ, ಬೂಸ್ಟು ಹಿಡಿಯದಿರಲಿ ಅಂತ ಇನ್ನೇನೋ ಒಂದು ಚೂರು, ಆಮೇಲೆ ಬಣ್ಣ. ಅಗ್ಗದ ಪೆನ್ನಿಗೂ ದುಬಾರಿ ಪೆನ್ನಿಗೂ ಈ ಲೆಕ್ಕ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಎಲ್ಲ ಬಣ್ಣದಲ್ಲೇ ಇದೆ.

ಸಾಮಾನ್ಯ ಬಣ್ಣದ ಅಣುಗಳು ತೀರಾ ಸಣ್ಣವು. ನೀರಿನ ಜೊತೆ ನೂಲಿನ ಎಳೆಯೊಳಗೆ ನುಗ್ಗುತ್ತವೆ. ನೀರು ಆರಿದ ಮೇಲೆ ಅಲ್ಲೇ ಕಚ್ಚಿಕೊಳ್ಳುತ್ತವೆ. ಬಟ್ಟೆಗೆ ಬಣ್ಣ ಹಾಕುವವರಿಗೆ ಬೇಕಾಗಿರುವುದೂ ಇದೇ ಅಲ್ವಾ? ತೊಳೆದರೆ ಹೋಗುವ ಶಾಯಿಯಲ್ಲಿ ಬಣ್ಣದ ಅಣುವಿಗೆ ಒಂದು ಉದ್ದನೆಯ ಬಾಲ ಕಟ್ಟಿರುತ್ತಾರೆ. ಆ ಬಾಲಕ್ಕೆ ನೀರು ಅಂದರೆ ಇಷ್ಟ. ಗಾತ್ರ ದೊಡ್ಡದಾದ್ದರಿಂದ ಎಳೆಯೊಳಗೆ ಸುಲಭವಾಗಿ ನುಗ್ಗಲು ಆಗಲ್ಲ. ನೀರು ಬಿದ್ದ ಕೂಡಲೇ ಹೊರಗೆ ಬಂದುಬಿಡುತ್ತೆ. ಎಲ್ಲ ಕಂಪನಿಗಳೂ ಇದೇ ದಾರಿ ಹಿಡಿದಿಲ್ಲ. ಕೆಲವರು ತಿಂಡಿಗೆ ಬಳಸುವ ಬಣ್ಣಗಳನ್ನೇ ಆರಿಸುತ್ತಾರೆ. ಅವು ಹತ್ತಿ ಬಟ್ಟೆಯನ್ನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ.

ಅಮೆರಿಕದ ಕ್ರಯೋಲಾ ಕಂಪನಿ ಮಾರ್ಕರ್ ಮಾರಲು ಶುರು ಮಾಡಿದ್ದು 1978ರಲ್ಲಿ. ತೊಳೆದರೆ ಹೋಗುವ ಮಾರ್ಕರ್ ತಂದದ್ದು 1987ರಲ್ಲಿ. ಈಗ ಅದೇ ಕಂಪನಿಯ ಪ್ಯಾಕೆಟ್‌ಗಳಲ್ಲಿ 'ವಾಷಬಲ್' ಇದೆ, 'ಅಲ್ಟ್ರಾ ಕ್ಲೀನ್ ವಾಷಬಲ್' ಇದೆ. ನಮ್ಮ ಊರಿನ ಅಂಗಡಿಗಳಲ್ಲಿ ಜಾಸ್ತಿ ಕಾಣುವ ಪೆನ್ನುಗಳ ಮೇಲೆ 'ವಾಟರ್ ಕಲರ್ ಪೆನ್' ಅಂತಲೋ 'ವಾಟರ್ ಬೇಸ್ಡ್' ಅಂತಲೋ ಇರುತ್ತೆ. ಈ ಎರಡು ಮಾತಿಗೂ ಒಗೆಯುವುದಕ್ಕೂ ಸಂಬಂಧ ಇಲ್ಲ. 'ವಾಷಬಲ್' ಅನ್ನುವ ಪದ ಇದೆಯಾ ಅಂತಲೇ ಹುಡುಕಬೇಕು. ಇಲ್ಲ ಅಂದರೆ, ಬಟ್ಟೆಗೆ ಹತ್ತಿದರೆ ಹೋಗದೇ ಇರಬಹುದು ಅಂತ ಮನಸ್ಸಿನಲ್ಲಿ ಇಟ್ಟುಕೊಂಡೇ ಕೊಳ್ಳಿ.

ಪಂಚೆಯ ಮೇಲೆ ನೇರಳೆ ಹೋಗಿ ಗುಲಾಬಿ ಉಳಿದದ್ದು ಯಾಕೆ ಅಂತ ತುಂಬಾ ದಿನ ತಲೆ ಕೊರೆಯುತ್ತಿತ್ತು. ಉತ್ತರ ಒಂದು ಟಿಶ್ಯೂ ಕಾಗದದಲ್ಲಿ ಸಿಕ್ಕಿತು. ಒಂದು ಉದ್ದನೆಯ ಪಟ್ಟಿ ಕತ್ತರಿಸಿ. ಕೆಳಗಿನಿಂದ ಎರಡು ಬೆರಳು ಬಿಟ್ಟು ಕಪ್ಪು ಸ್ಕೆಚ್ ಪೆನ್ನಿನಿಂದ ದಪ್ಪ ಚುಕ್ಕೆ ಇಡಿ. ಚುಕ್ಕೆ ಮುಳುಗದ ಹಾಗೆ ಪಟ್ಟಿಯ ತುದಿಯನ್ನು ಮಾತ್ರ ಲೋಟದ ನೀರಿಗೆ ತಾಗಿಸಿ. ನೀರು ಮೇಲೆ ಏರುತ್ತಾ ಕಪ್ಪನ್ನು ಬಿಡಿಸುತ್ತೆ. ಒಂದೊಂದು ಪೆನ್ನಿನಲ್ಲಿ ಒಂದೊಂದು ಥರ. ನೀಲಿ ಓಡಿಹೋಗುತ್ತೆ, ಕೆಂಪು ಅರ್ಧ ದಾರಿಯಲ್ಲಿ ನಿಲ್ಲುತ್ತೆ, ಹಳದಿ ಇನ್ನೆಲ್ಲೋ. ಕಪ್ಪು, ನೇರಳೆ, ಕಂದು, ಗಾಢ ಹಸಿರು, ಇವೆಲ್ಲ ಬೆರಕೆ ಬಣ್ಣಗಳು. ಒಗೆದಾಗ ಒಂದು ಬಣ್ಣ ಬೇಗ ಬಿಟ್ಟುಹೋಗಿ ಇನ್ನೊಂದು ನಿಂತುಬಿಡುತ್ತೆ. ಪಂಚೆಯಲ್ಲಿ ಆದದ್ದೂ ಇದೇ. ಮಕ್ಕಳಿಗೆ ಇದನ್ನು ತೋರಿಸಿ. ನಮ್ಮ ಭಾನುವಾರದ ಗುಂಪು ಒಂದಿಡೀ ಬೆಳಗ್ಗೆ ಇದನ್ನೇ ಮಾಡುತ್ತಾ ಕೂತಿತ್ತು.

ನಾನು ಹೇಗೆ ಪರೀಕ್ಷೆ ಮಾಡಿದೆ

ಮೂರು ಥರದ ಪ್ಯಾಕ್ ತೆಗೆದುಕೊಂಡೆ. ಒಂದು, ವಾಷಬಲ್ ಅಂತ ಎಲ್ಲೂ ಬರೆಯದ 12 ಬಣ್ಣದ ಸಾಮಾನ್ಯ ಪ್ಯಾಕ್. ಎರಡು, ಇಲ್ಲೇ ಸುಲಭವಾಗಿ ಸಿಗುವ, ವಾಷಬಲ್ ಅಂತ ಬರೆದ ಪ್ಯಾಕ್. ಮೂರು, ಹೊರದೇಶದ ಕಂಪನಿಯ ದಪ್ಪ ಮೊನೆಯ ವಾಷಬಲ್ ಪ್ಯಾಕ್. ಮೊದಲನೆಯದಕ್ಕೆ ನಾನು ಕೊಟ್ಟದ್ದು 40 ರೂಪಾಯಿ. ಮೂರನೆಯದಕ್ಕೆ ಅದರ ಹತ್ತು ಪಟ್ಟಿಗಿಂತ ಜಾಸ್ತಿ.

ಬಟ್ಟೆಗೆ ಹಳೆಯ ಸಾಮಾನನ್ನೇ ಹುಡುಕಿದೆ. ಅದೇ ಪಂಚೆಯ ಇನ್ನೊಂದು ತುದಿ, ಚಿಕ್ಕದಾದ ಬಿಳಿ ಯೂನಿಫಾರ್ಮ್ ಅಂಗಿ, ನೈಲಾನ್ ಕಾಲುಚೀಲ, ಟೈಲರ್ ಹತ್ತಿರ ಉಳಿದ ರೇಷ್ಮೆ ರವಿಕೆಯ ತುಂಡು. ಪ್ರತಿಯೊಂದಕ್ಕೂ ಕೆಂಪು, ನೀಲಿ, ನೇರಳೆ, ಕಪ್ಪು, ಹಳದಿ ಗೀಟು. ಒಂದು ಸಾಲು ಅರ್ಧ ಗಂಟೆಯೊಳಗೆ ಒಗೆಯೋಕೆ, ಇನ್ನೊಂದು ಮಾರನೆಯ ದಿನಕ್ಕೆ, ಮತ್ತೊಂದು ವಾರ ಬಿಟ್ಟು.

ಪಂಚೆ ಮತ್ತು ಯೂನಿಫಾರ್ಮ್ ಮೇಲೆ ಎರಡನೆಯ, ಮೂರನೆಯ ಪ್ಯಾಕಿನ ಬಣ್ಣಗಳು ಅರ್ಧ ಗಂಟೆಯಲ್ಲಿ ತಣ್ಣೀರು ಮತ್ತು ಬಾರ್ ಸೋಪಿಗೇ ಹೋದವು. ಮಾರನೆಯ ದಿನ ಎರಡನೆಯ ಪ್ಯಾಕಿನ ನೇರಳೆ ಸ್ವಲ್ಪ ಹಠ ಮಾಡಿತು. ವಾರ ಬಿಟ್ಟಾಗ ಅದರ ಕೆಂಪೂ ನೇರಳೆಯೂ ಮಸುಕಾಗಿ ಉಳಿದವು. ಮೂರನೆಯ ಪ್ಯಾಕಿನದು ವಾರದ ನಂತರವೂ ಎರಡು ಒಗೆತಕ್ಕೆ ಹೋಯಿತು. ಸಾಮಾನ್ಯ ಪ್ಯಾಕಿನಲ್ಲಿ ಹಳದಿ ಮತ್ತು ನೀಲಿ ಸುಮಾರಾಗಿ ಹೋದವು. ಕೆಂಪು, ನೇರಳೆ, ಕಪ್ಪು ಅರ್ಧ ಗಂಟೆಯಲ್ಲಿ ಒಗೆದರೂ ಗುರುತು ಬಿಟ್ಟವು. ಅಂದರೆ ಅಗ್ಗದ ಪ್ಯಾಕಿನಲ್ಲೂ ಎಲ್ಲ ಬಣ್ಣ ಕೆಟ್ಟದ್ದಲ್ಲ. ದುಬಾರಿ ಪ್ಯಾಕ್ ಬೇಡ ಅನ್ನುವವರು ಅಗ್ಗದ ಪ್ಯಾಕ್ ತಂದು, ಕೆಂಪು, ನೇರಳೆ, ಕಪ್ಪನ್ನು ಎತ್ತಿಟ್ಟು, ಉಳಿದದ್ದನ್ನು ಚಿಕ್ಕ ಮಕ್ಕಳಿಗೆ ಕೊಡಬಹುದು. ನಮ್ಮ ಪಕ್ಕದ ಮನೆಯವರು ಈಗ ಹಾಗೇ ಮಾಡುತ್ತಾರೆ.

ರೇಷ್ಮೆಯ ಕತೆಯೇ ಬೇರೆ. ಮೂರೂ ಪ್ಯಾಕಿನ ಬಣ್ಣಗಳು ಅದರ ಮೇಲೆ ಉಳಿದವು, ದುಬಾರಿಯದ್ದೂ ಸೇರಿ. ಇದರಲ್ಲಿ ಆಶ್ಚರ್ಯ ಇಲ್ಲ. ರೇಷ್ಮೆ ಮತ್ತು ಉಣ್ಣೆ ಪ್ರಾಣಿಗಳಿಂದ ಬಂದ ನೂಲು. ಹತ್ತಿಯನ್ನು ಹಿಡಿಯದ ಎಷ್ಟೋ ಬಣ್ಣಗಳು ಇವನ್ನು ಗಟ್ಟಿಯಾಗಿ ಹಿಡಿಯುತ್ತವೆ. ನೈಲಾನ್ ಸಹ ಸ್ವಲ್ಪ ಅದೇ ಗುಣದ್ದು. ಕಾಲುಚೀಲದ ಮೇಲೆ ಕೆಂಪು ಉಳಿದೇ ಉಳಿಯಿತು. ಪ್ಯಾಕೆಟ್‌ನ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ 'ಹೆಚ್ಚಿನ ಬಟ್ಟೆಗಳಿಂದ ಹೋಗುತ್ತದೆ' ಅನ್ನುವ ಅರ್ಥದ ಮಾತು ಇರುತ್ತೆ. ಎಲ್ಲ ಬಟ್ಟೆ ಅಂತ ಬರೆದಿರುವುದಿಲ್ಲ. ಹಬ್ಬದ ದಿನ ರೇಷ್ಮೆ ಲಂಗ ತೊಡಿಸಿದ ಮೇಲೆ ಯಾವ ಸ್ಕೆಚ್ ಪೆನ್ನೂ ಬೇಡ. ಬಣ್ಣದ ಪೆನ್ಸಿಲ್ ಕೊಡಿ.

ನಾನು ಮೊದಲ ಸಲ ಮಾಡಿದ ದೊಡ್ಡ ತಪ್ಪು ಬಿಸಿನೀರು. ಮೊಳಕಾಲ್ಮುರಿನಂಥ ಊರುಗಳಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವವರು ಬಣ್ಣದ ನೀರನ್ನು ಕಾಯಿಸಿಯೇ ನೂಲನ್ನು ಅದ್ದುತ್ತಾರೆ. ಬಿಸಿಗೆ ಬಣ್ಣ ನೂಲಿನೊಳಗೆ ಇಳಿದು ನಿಲ್ಲುತ್ತೆ. ಕಲೆಯಾದ ಬಟ್ಟೆಯನ್ನು ಬಿಸಿನೀರಿಗೆ ಹಾಕಿದರೆ ನಾವೇ ಆ ಕೆಲಸ ಮಾಡಿಕೊಟ್ಟ ಹಾಗೆ. ಇಸ್ತ್ರಿಯೂ ಹಾಗೇ. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿ ಪೆಟ್ಟಿಗೆ ಮುಟ್ಟಿಸಬೇಡಿ.

ಈಗ ನಾನು ಮಾಡುವುದು ಹೀಗೆ. ಕಲೆಯಾದ ಬಟ್ಟೆಯನ್ನು ಒಳಮೈ ಮೇಲಾಗಿ ತಿರುಗಿಸಿ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿಯುತ್ತೇನೆ. ಬಣ್ಣ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು, ಇನ್ನೊಂದು ಬದಿಗೆ ದಾಟಬಾರದು. ನೀರು ತಿಳಿಯಾಗುವ ತನಕ ಉಜ್ಜುವುದಿಲ್ಲ. ಆಮೇಲೆ ಸೋಪು ಹಚ್ಚಿ ಬೆರಳಿನಿಂದ ಮೆಲ್ಲಗೆ ತಿಕ್ಕುತ್ತೇನೆ. ಇನ್ನೂ ಉಳಿದರೆ ಕೈಗೆ ಹಾಕುವ ಸ್ಯಾನಿಟೈಸರ್. ಕೆಳಗೆ ಹಳೆಯ ಬಟ್ಟೆ ಮಡಿಸಿಟ್ಟು, ಮೇಲಿನಿಂದ ಒತ್ತಿ ಒತ್ತಿ ತೆಗೆಯಬೇಕು. ಬಣ್ಣದ ಬಟ್ಟೆಯಾದರೆ ಒಳಹೊಲಿಗೆಯ ಹತ್ತಿರ ಮೊದಲು ಒಂದು ಹನಿ ಹಾಕಿ ನೋಡಿ. ಬ್ಲೀಚ್ ಬಿಳಿ ಹತ್ತಿಗೆ ಮಾತ್ರ. ರೇಷ್ಮೆಗೆ ಯಾವತ್ತೂ ಬೇಡ.

ಗೋಡೆ, ನೆಲ, ಕೈ

ಗೋಡೆಯ ವಿಷಯದಲ್ಲಿ ಪೆನ್ನಿಗಿಂತ ಗೋಡೆಗೆ ಹೊಡೆದ ಬಣ್ಣವೇ ಮುಖ್ಯ. ಎಮಲ್ಷನ್ ಪೇಂಟ್ ಇದ್ದರೆ ವಾಷಬಲ್ ಶಾಯಿ ಒದ್ದೆ ಬಟ್ಟೆಗೇ ಹೋಗುತ್ತೆ. ಡಿಸ್ಟೆಂಪರ್ ಅಥವಾ ಸುಣ್ಣದ ಗೋಡೆಯಾದರೆ ಎಷ್ಟು ಒಳ್ಳೆಯ ಪೆನ್ನಾದರೂ ಕಷ್ಟ. ಶಾಯಿ ಹೀರಿಕೊಂಡುಬಿಡುತ್ತೆ, ತಿಕ್ಕಿದರೆ ಸುಣ್ಣವೇ ಕೈಗೆ ಬರುತ್ತೆ. ನಮ್ಮ ಅಜ್ಜಿ ಮನೆಯಲ್ಲಿ ಸುಣ್ಣದ ಗೋಡೆ. ಅಲ್ಲಿ ನಾವು ಗೋಡೆಗೆ ಮಗುವಿನ ಎತ್ತರದಲ್ಲಿ ದೊಡ್ಡ ಚಾರ್ಟ್ ಪೇಪರ್ ಅಂಟಿಸಿ ಬಿಡುತ್ತೇವೆ. ತುಂಬಿದ ಮೇಲೆ ಬದಲಿಸುತ್ತೇವೆ. ಮಕ್ಕಳಿಗೆ ನಿಂತು ಬರೆಯೋದು ಇಷ್ಟ. ಅದನ್ನು ತಪ್ಪಿಸುವುದಕ್ಕಿಂತ ಜಾಗ ಮಾಡಿಕೊಡೋದು ವಾಸಿ.

ಟೈಲ್ಸ್ ಮತ್ತು ಮೊಸಾಯಿಕ್ ನೆಲಕ್ಕೆ ಚಿಂತೆ ಇಲ್ಲ. ಟೈಲ್ಸ್ ನಡುವಿನ ಬಿಳಿ ಸಂದಿ ಮಾತ್ರ ಸಾಮಾನ್ಯ ಶಾಯಿಯನ್ನು ಹೀರುತ್ತೆ. ರೆಡ್ ಆಕ್ಸೈಡ್ ನೆಲದಲ್ಲಿ ಕಾಣುವುದೇ ಇಲ್ಲ. ಪಾಲಿಶ್ ಇಲ್ಲದ ಮರದ ಮೇಜಿಗೆ ಹಳೆಯ ಪೇಪರ್ ಹಾಸಿ. ಮರದ ಗೆರೆಯೊಳಗೆ ಇಳಿದ ಶಾಯಿ ಯಾವುದಾದರೂ ಬರೋದಿಲ್ಲ.

ಕೈಗೆ ಹತ್ತಿದ ಶಾಯಿ ಸೋಪು ನೀರಿಗೆ ಹೋಗುತ್ತೆ. ಉಗುರಿನ ಸಂದಿಯಲ್ಲಿ ಉಳಿದದ್ದು ಎರಡು ಮೂರು ದಿನ ಇದ್ದು ತಾನೇ ಹೋಗುತ್ತೆ. ಆದರೆ ಕೈಮೇಲೆ ಹಚ್ಚೆ ಬರೆಯುವ ಆಟಕ್ಕೆ ನಾನು ಬಿಡುವುದಿಲ್ಲ. ಚಿಕ್ಕ ಮಕ್ಕಳು ಆ ಬೆರಳನ್ನೇ ಬಾಯಿಗೆ ಹಾಕುತ್ತಾರೆ. 'ನಾನ್ ಟಾಕ್ಸಿಕ್' ಅಂದರೆ ತಿನ್ನಬಹುದು ಅಂತ ಅರ್ಥ ಅಲ್ಲ.

ಯಾವ ವಯಸ್ಸಿಗೆ ಯಾವುದು

ಎರಡೂವರೆ ವರ್ಷದ ಕೂಸಿಗೆ ಸುಮ್ನೆ ಸ್ಕೆಚ್ ಪೆನ್ ಯಾಕೆ ಅಂತ ನನ್ನ ಅತ್ತೆ ಕೇಳುತ್ತಿದ್ದರು. ಅವರ ಮಾತಿನಲ್ಲಿ ಹುರುಳಿದೆ. ಸ್ಲೇಟು ಬಳಪ, ನೀರು ತುಂಬಿದ ಪೆನ್ನಿನಿಂದ ಬರೆಯುವ ಮ್ಯಾಟ್, ದಪ್ಪ ಕ್ರೇಯಾನ್ ಆ ವಯಸ್ಸಿಗೆ ಸಾಕು. ಕೊಡಲೇಬೇಕು ಅಂದರೆ ದಪ್ಪ ದೇಹದ, ಗೋಲಿಯಂಥ ಮೊಂಡು ಮೊನೆಯ ವಾಷಬಲ್ ಪೆನ್ ಕೊಡಿ. ಆ ಮಕ್ಕಳು ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಕುಟ್ಟುತ್ತಾರೆ. ತೆಳು ಮೊನೆ ಒಂದೇ ದಿನಕ್ಕೆ ಒಳಗೆ ಹೋಗಿಬಿಡುತ್ತೆ. ಇಟಲಿಯ ಜಿಯೊಟ್ಟೊದವರ 'ಬೆಬೆ' ಸಾಲು ಎರಡು ವರ್ಷ ದಾಟಿದ ಮಕ್ಕಳಿಗೆ ಅಂತಲೇ ಮಾಡಿದ್ದು. ಕ್ರಯೋಲಾದಲ್ಲೂ ಚಿಕ್ಕ ಮಕ್ಕಳ ಸಾಲು ಬೇರೆ ಇದೆ. ಕ್ರಯೋಲಾದವರದೇ ಇನ್ನೊಂದು ಇದೆ, 'ಕಲರ್ ವಂಡರ್'. ಅದರ ಶಾಯಿಗೆ ಬಣ್ಣವೇ ಕಾಣುವುದಿಲ್ಲ. ಅದಕ್ಕೆಂದೇ ಮಾಡಿದ ಕಾಗದದ ಮೇಲೆ ಮಾತ್ರ ಬಣ್ಣ ಮೂಡುತ್ತೆ. ಬಸ್ಸಿನಲ್ಲಿ, ರೈಲಿನಲ್ಲಿ, ಮದುವೆ ಮನೆಯಲ್ಲಿ ಚೆನ್ನಾಗಿರುತ್ತೆ. ಕಾಗದ ಮುಗಿದರೆ ಮತ್ತೆ ಅದೇ ಕಾಗದ ಕೊಳ್ಳಬೇಕು. ಅದೊಂದೇ ತೊಂದರೆ.

ನಾಲ್ಕರಿಂದ ಏಳು ವರ್ಷ. ವಾಷಬಲ್‌ಗೆ ದುಡ್ಡು ಹಾಕಬೇಕಾದ ವಯಸ್ಸು ಇದೇ ಅಂತ ನನಗೆ ಅನಿಸುತ್ತೆ. ಈ ಮಕ್ಕಳು ನೆಲದ ಮೇಲೆ ಮಲಗಿ ಬರೆಯುತ್ತಾರೆ. ಅಂಗಿಯ ತೋಳು ಹಸಿ ಬಣ್ಣದ ಮೇಲೆ ಉಜ್ಜುತ್ತೆ. ಮುಚ್ಚಳ ಹಾಕದೆ ಜೇಬಿಗಿಟ್ಟುಕೊಳ್ಳುತ್ತಾರೆ. 12 ಬಣ್ಣ ಸಾಕು. 24, 36ರ ಪ್ಯಾಕ್‌ನಲ್ಲಿ ಒಂದೇ ಹಸಿರಿನ ನಾಲ್ಕು ಥರ ಇರುತ್ತೆ, ಮಕ್ಕಳು ಬಳಸುವುದು ಅದೇ ಎಂಟೋ ಹತ್ತೋ ಬಣ್ಣ. ಮೊನೆ ಮಧ್ಯಮ ದಪ್ಪದ್ದಿರಲಿ. ಫೇಬರ್-ಕ್ಯಾಸ್ಟೆಲ್‌ನ ಕನೆಕ್ಟರ್ ಪೆನ್ನುಗಳನ್ನು ಮಕ್ಕಳು ಬಹಳ ಇಷ್ಟಪಡುತ್ತಾರೆ. ಮುಚ್ಚಳಗಳನ್ನು ಒಂದಕ್ಕೊಂದು ಸಿಕ್ಕಿಸಿ ಗೊಂಬೆ, ಗಾಡಿ ಮಾಡಬಹುದು. ಅದರ ಶಾಯಿ ತಿಂಡಿಯ ಬಣ್ಣಗಳಿಂದ ಮಾಡಿದ್ದು, ಹೆಚ್ಚಿನ ಬಟ್ಟೆಗಳಿಂದ ಹೋಗುತ್ತೆ ಅಂತ ಕಂಪನಿ ಹೇಳುತ್ತೆ. ನನ್ನ ಅನುಭವದಲ್ಲಿ ಅದಕ್ಕೆ ಇನ್ನೊಂದು ಲಾಭ ಇದೆ. ಆಟಕ್ಕೆ ಮುಚ್ಚಳ ಬೇಕಾದ್ದರಿಂದ ಮಕ್ಕಳು ಮುಚ್ಚಳ ಕಳೆಯುವುದಿಲ್ಲ.

ಎಂಟು ವರ್ಷ ದಾಟಿದ ಮೇಲೆ ಲೆಕ್ಕ ಬದಲಾಗುತ್ತೆ. ಕೈ ಹಿಡಿತಕ್ಕೆ ಬಂದಿರುತ್ತೆ. ಶಾಲೆಯ ಪ್ರಾಜೆಕ್ಟ್ ಶುರುವಾಗಿರುತ್ತೆ. ಹೆಡ್ಡಿಂಗ್ ಬರೆಯಬೇಕು, ಭೂಪಟದ ಅಂಚು ಎಳೆಯಬೇಕು. ಇಲ್ಲಿ ಕ್ಯಾಮ್ಲಿನ್, ಡಾಮ್ಸ್, ಲಕ್ಸರ್ ಥರದ ತೆಳು ಮೊನೆಯ ಸಾಮಾನ್ಯ ಸ್ಕೆಚ್ ಪೆನ್ನೇ ಸಾಕು, ಬೀದಿ ಬದಿಯ ಅಂಗಡಿಯಲ್ಲೂ ಸಿಗುತ್ತೆ. ಆರನೇ ಕ್ಲಾಸಿನ ಹುಡುಗ ದಪ್ಪ ಮೊನೆಯ ವಾಷಬಲ್ ಪೆನ್ ಹಿಡಿದು ಅಶೋಕ ಚಕ್ರದ 24 ಗೆರೆ ಎಳೆಯೋಕೆ ಹೋಗಿ ಎಲ್ಲ ಒಂದೇ ನೀಲಿ ಮುದ್ದೆ ಮಾಡಿದ್ದ. ತೆಳು ಮೊನೆ ಕೊಟ್ಟೆ, ಐದು ನಿಮಿಷದಲ್ಲಿ ಮುಗಿಸಿದ. ಬ್ರಷ್ ಮೊನೆಯ ಪೆನ್ನುಗಳೂ ಈ ವಯಸ್ಸಿಗೆ ಸರಿ. ಮೊದಲೇ ಕೊಟ್ಟರೆ ಮೊನೆ ಪೊರಕೆಯ ಹಾಗೆ ಬಿಚ್ಚಿಕೊಳ್ಳುತ್ತೆ.

ಕಲ್ಲಿನ ಮೇಲೆ, ಬಾಟಲಿ ಮೇಲೆ ಬರೆಯುವ ಅಕ್ರಿಲಿಕ್ ಮಾರ್ಕರ್ ಈಗ ಎಲ್ಲರ ಕೈಯಲ್ಲೂ ಇದೆ. ಅದೂ ನೀರಿನದ್ದೇ ಅಂತ ಬರೆದಿರುತ್ತೆ, ನಿಜವೂ ಹೌದು. ಹಸಿ ಇದ್ದಾಗ ನೀರಿಗೆ ಹೋಗುತ್ತೆ. ಒಣಗಿದ ಮೇಲೆ ಅದು ಪ್ಲಾಸ್ಟಿಕ್ ಪದರ, ಬಟ್ಟೆಯಿಂದ ಹೋಗಲ್ಲ. ದೊಡ್ಡ ಮಕ್ಕಳಿಗೆ, ಹಳೆ ಅಂಗಿ ಹಾಕಿಸಿ ಕೊಡಿ. ಪರ್ಮನೆಂಟ್ ಮಾರ್ಕರ್ ದೊಡ್ಡವರ ಮೇಜಿನಲ್ಲಿರಲಿ. ಸ್ಕೆಚ್ ಪೆನ್ ಡಬ್ಬಿಯೊಳಗೆ ಒಂದೇ ಒಂದು ಸೇರಿಕೊಂಡರೂ ಸಾಕು, ಉಳಿದ ಹನ್ನೊಂದು ವಾಷಬಲ್ ಆಗಿದ್ದು ಪ್ರಯೋಜನ ಇಲ್ಲ.

ತೊಳೆದರೆ ಹೋಗುವುದರ ಇನ್ನೊಂದು ಮುಖ

ಇದನ್ನು ಪ್ಯಾಕೆಟ್ ಹೇಳುವುದಿಲ್ಲ. ಅಂಗಿಯಿಂದ ಹೋಗುವ ಶಾಯಿ ಚಿತ್ರದಿಂದಲೂ ಹೋಗುತ್ತೆ. ಮಗಳು ಅಜ್ಜಿಗೆ ಅಂತ ಒಂದು ವಾರ ಕೂತು ಮಾಡಿದ ಕಾರ್ಡು ಜುಲೈ ಮಳೆಯಲ್ಲಿ ಬ್ಯಾಗಿನೊಳಗೆ ನೆನೆಯಿತು. ಮನೆ, ಮರ, ಸೂರ್ಯ ಎಲ್ಲ ಸೇರಿ ಒಂದೇ ಬಣ್ಣದ ನೀರು. ಅವಳು ಅತ್ತದ್ದು ನೋಡಿ ನನಗೂ ಸಂಕಟವಾಯಿತು. ಹಾಗಾಗಿ ಇಟ್ಟುಕೊಳ್ಳಬೇಕಾದ ಚಿತ್ರಕ್ಕೆ, ಮನೆಯಿಂದ ಆಚೆ ಹೋಗುವ ಕಾರ್ಡಿಗೆ ಕ್ರೇಯಾನ್ ಅಥವಾ ಬಣ್ಣದ ಪೆನ್ಸಿಲ್ ಬಳಸುವುದು ಒಳ್ಳೆಯದು. ನೀರಿನ ಬಾಟಲಿ, ಟಿಫನ್ ಡಬ್ಬಿಯ ಹೆಸರಿನ ಚೀಟಿಗಂತೂ ವಾಷಬಲ್ ಬೇಡವೇ ಬೇಡ.

ಬಿಸಿಲೂ ಶತ್ರುವೇ. ಕಿಟಕಿಯ ಹತ್ತಿರ ಅಂಟಿಸಿದ ಸ್ಕೆಚ್ ಪೆನ್ ಚಿತ್ರ ಕೆಲವೇ ವಾರದಲ್ಲಿ ಬಿಳಚಿಕೊಳ್ಳುತ್ತೆ. ಗುಲಾಬಿ, ನೇರಳೆ ಮೊದಲು ಹೋಗುತ್ತವೆ. ಚಿತ್ರ ಮುಗಿದ ದಿನವೇ ಒಂದು ಫೋಟೊ ತೆಗೆದಿಡಿ. ಮೂಲವನ್ನು ಫೈಲಿನಲ್ಲಿ, ಕತ್ತಲಲ್ಲಿ ಇಡಿ.

ಕಾಗದವೂ ನೋಡಬೇಕು. ಜೆರಾಕ್ಸ್ ಹಾಳೆ ಸಾಮಾನ್ಯವಾಗಿ 70ರಿಂದ 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತೆ ಅನ್ನುವ ಲೆಕ್ಕ) ಇರುತ್ತೆ. ವಾಷಬಲ್ ಪೆನ್ನುಗಳು ಶಾಯಿ ಜಾಸ್ತಿ ಬಿಡುತ್ತವೆ, ಹಿಂದಿನ ಬದಿಗೆ ಇಳಿಯುತ್ತವೆ. ಮಕ್ಕಳು ಒಂದೇ ಜಾಗದಲ್ಲಿ ನಾಲ್ಕು ಸಲ ಉಜ್ಜುತ್ತಾರೆ, ಕಾಗದ ಎದ್ದು ಬರುತ್ತೆ. 120 ಜಿಎಸ್‌ಎಂ ಮೇಲಿನ ಡ್ರಾಯಿಂಗ್ ಹಾಳೆ ಕೊಟ್ಟರೆ ಅರ್ಧ ತೊಂದರೆ ಮುಗಿಯಿತು.

ಈಗ ರಾಜ್ಯೋತ್ಸವದ ಬಾವುಟ. ನವೆಂಬರ್ 1 ಬಂತು ಅಂದರೆ ಎಲ್ಲ ಮಕ್ಕಳೂ ಮೇಲೆ ಹಳದಿ, ಕೆಳಗೆ ಕೆಂಪು ತುಂಬುತ್ತಾರೆ. ಹಸಿ ಕೆಂಪಿನ ಮೇಲೆ ಹಳದಿ ಮೊನೆ ತಾಗಿದರೆ ಆ ಪೆನ್ ಕಿತ್ತಳೆಯಾಗಿಬಿಡುತ್ತೆ. ಹಳದಿಯನ್ನು ಯಾವಾಗಲೂ ಮೊದಲು ತುಂಬಿಸಿ. ಪೂರ್ತಿ ಒಣಗಲಿ. ಆಮೇಲೆ ಕೆಂಪನ್ನು ಕೆಳಗಿನ ಅಂಚಿನಿಂದ ಶುರು ಮಾಡಿ ಮೇಲಕ್ಕೆ ಬರಲಿ, ನಡುಗೆರೆಯ ಹತ್ತಿರ ಕೂದಲೆಳೆಯಷ್ಟು ಜಾಗ ಬಿಡಲಿ. ಹಳದಿ ಮೊನೆ ಕೊಳೆಯಾದರೆ ಬಿಳಿ ಕಾಗದದ ಮೇಲೆ ಮತ್ತೆ ಹಳದಿ ಬರುವ ತನಕ ಗೀಚಿಸಿ, ಸರಿಹೋಗುತ್ತೆ.

ಅಂಗಡಿಯಲ್ಲಿ ಏನು ನೋಡಬೇಕು

ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಹೋದರೆ ಗೋಡೆ ತುಂಬ ಪ್ಯಾಕೆಟ್. ಚಿತ್ರ ಚೆಂದ ಇದೆ ಅಂತ ತೆಗೆದುಕೊಳ್ಳಬೇಡಿ. ಹಿಂದೆ ತಿರುಗಿಸಿ. ತಯಾರಕರ ಹೆಸರು, ವಿಳಾಸ ಇರಲೇಬೇಕು. ಯುರೋಪಿನ ಆಟಿಕೆ ನಿಯಮ 'ಇಎನ್ 71'ರ ಗುರುತು ಇದ್ದರೆ ಒಳ್ಳೆಯದು. ಅದರ 3ನೇ ಭಾಗ ಸೀಸ, ಕ್ಯಾಡ್ಮಿಯಂ ಥರದ ಲೋಹಗಳಿಗೆ ಮಿತಿ ಹಾಕುತ್ತೆ. ಅಮೆರಿಕದ ಪ್ಯಾಕ್ ಆದರೆ ವಿಷಕಾರಿ ಅಲ್ಲ ಅಂತ ಹೇಳುವ 'ಎಪಿ' ಅನ್ನುವ ಮುದ್ರೆ ಅಥವಾ ಚಿತ್ರ ಸಾಮಗ್ರಿಯಿಂದ ಆರೋಗ್ಯಕ್ಕೆ ಅಪಾಯ ಇದ್ದರೆ ಲೇಬಲ್ ಮೇಲೆ ಬರೆಯಬೇಕು ಅನ್ನುವ ನಿಯಮ 'ಎಎಸ್‌ಟಿಎಂ ಡಿ-4236'ರ ಹೆಸರು ಇರುತ್ತೆ.

ಮುಚ್ಚಳದ ತಲೆಯಲ್ಲಿ ತೂತು ಇದೆಯಾ ನೋಡಿ. ಅದು ಅಂದಕ್ಕೆ ಇಟ್ಟದ್ದಲ್ಲ. ಮಗು ಮುಚ್ಚಳ ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೂ ಸ್ವಲ್ಪ ಗಾಳಿ ಆಡಲಿ ಅಂತ ಇಟ್ಟಿರುವುದು. 'ಐಎಸ್‌ಒ 11540' ಅನ್ನುವ ಅಂತರರಾಷ್ಟ್ರೀಯ ನಿಯಮ ಇದಕ್ಕೆಂದೇ ಇದೆ. 14 ವರ್ಷದೊಳಗಿನ ಮಕ್ಕಳು ಬಳಸುವ ಪೆನ್ನುಗಳಿಗೆ ಅದು ಅನ್ವಯ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಪೆನ್ ಕೊಟ್ಟಾಗ, ತೂತಿದ್ದರೂ ಮುಚ್ಚಳ ನಿಮ್ಮ ಕೈಯಲ್ಲಿರಲಿ.

ಹಣ್ಣಿನ ವಾಸನೆಯ ಪೆನ್ನುಗಳನ್ನು ಚಿಕ್ಕವರಿಗೆ ನಾನು ಕೊಡಿಸುವುದಿಲ್ಲ. ಸ್ಟ್ರಾಬೆರಿ ವಾಸನೆ ಬಂದರೆ ಮಗು ನೆಕ್ಕಿ ನೋಡುತ್ತೆ. ತೆರೆದ ಕೂಡಲೇ ಸ್ಪಿರಿಟ್ ವಾಸನೆ ಹೊಡೆದರೆ ಅದು ನೀರಿನ ಶಾಯಿಯೇ ಅಲ್ಲ, ವಾಪಸ್ ಇಟ್ಟುಬಿಡಿ.

ಅಂಗಡಿಯವರು ಬಿಟ್ಟರೆ ಒಂದು ಪೆನ್ ತೆಗೆದು ನಿಮ್ಮ ಕರವಸ್ತ್ರಕ್ಕೆ ನೇರಳೆ ಅಥವಾ ಕೆಂಪು ಗೀಟು ಹಾಕಿಕೊಳ್ಳಿ. ಮನೆಗೆ ಬಂದು ತಣ್ಣೀರಿನಲ್ಲಿ ಒಗೆದು ನೋಡಿ, ಆಮೇಲೆ ದೊಡ್ಡ ಪ್ಯಾಕ್ ಕೊಳ್ಳಿ. ಶಾಲೆಗೋ ಅಂಗನವಾಡಿಗೋ ಒಟ್ಟಿಗೆ ತರುವವರಿಗೆ ಇದು ಬಹಳ ಉಪಯೋಗ. ಹತ್ತು ಡಬ್ಬಿ ತಂದ ಮೇಲೆ ಬದಲಿಸೋಕೆ ಆಗಲ್ಲ.

ದುಬಾರಿ ಪ್ಯಾಕ್ ತಂದವರು ಅದು ಒಣಗದ ಹಾಗೆ ನೋಡಿಕೊಳ್ಳಬೇಕು. ನಮ್ಮ ಭಾನುವಾರದ ಗುಂಪಿನಲ್ಲಿ 'ಟಕ್' ಅಂತ ಸದ್ದು ಕೇಳುವ ತನಕ ಮುಚ್ಚಳ ಒತ್ತಬೇಕು, ಆಮೇಲೇ ಇನ್ನೊಂದು ಬಣ್ಣ ತೆಗೆಯಬೇಕು. ಎರಡೂವರೆ ವರ್ಷದವಳೂ ಈಗ ಆ ಸದ್ದಿಗೆ ಕಾಯುತ್ತಾಳೆ. ಪೆನ್ನುಗಳನ್ನು ಲೋಟದಲ್ಲಿ ಮೊನೆ ಮೇಲಾಗಿ ನಿಲ್ಲಿಸಬೇಡಿ, ಶಾಯಿ ಕೆಳಗಿಳಿಯುತ್ತೆ. ಡಬ್ಬಿಯಲ್ಲಿ ಅಡ್ಡ ಮಲಗಿಸಿಡಿ. ಒಂದು ರಾತ್ರಿ ಮುಚ್ಚಳ ಬಿಟ್ಟು ಮೊನೆ ಒಣಗಿದ್ದರೆ ಎಸೆಯುವ ಮೊದಲು ಬೆಚ್ಚಗಿನ ನೀರಿನಲ್ಲಿ ಮೊನೆಯನ್ನಷ್ಟೇ ಕೆಲವು ಸೆಕೆಂಡ್ ಅದ್ದಿ, ಮುಚ್ಚಳ ಹಾಕಿ, ಮೊನೆ ಕೆಳಗಾಗಿ ಒಂದು ದಿನ ಬಿಡಿ. ಹೆಚ್ಚಿನ ಸಲ ಮತ್ತೆ ಬರೆಯುತ್ತೆ, ಬಣ್ಣ ಮಾತ್ರ ಸ್ವಲ್ಪ ತಿಳಿ ಇರುತ್ತೆ. ಆ ತಿಳಿ ನೀಲಿಯನ್ನು ನಮ್ಮ ಮಕ್ಕಳು ಆಕಾಶಕ್ಕೆ ಅಂತ ಎತ್ತಿಟ್ಟುಕೊಂಡಿದ್ದಾರೆ.